ಸರ್ವರ್ ಕನೆಕ್ಷನ್ ಪದೇ ಪದೇ ಕಡಿಯುತ್ತಿದೆಯಾ? ಎಲ್ಲಿ, ಹೇಗೆ ಹುಡುಕಬೇಕು

ಅಡಿಕೆ ತೂಗಿ ಆಗಿದೆ, ರೇಟು ಹಾಕಿ ಆಗಿದೆ. ಬಿಲ್ ಸೇವ್ ಮಾಡುವ ಹೊತ್ತಿಗೆ ಸರಿಯಾಗಿ ಕಂಪ್ಯೂಟರ್‌ನಲ್ಲಿ 'ಡೇಟಾಬೇಸ್ ಕನೆಕ್ಷನ್ ಲಾಸ್ಟ್' ಅಂತ ಬರುತ್ತದೆ. ಬದಿಯಡ್ಕ, ಮುಳ್ಳೇರಿಯ, ಪೆರ್ಲ, ಉಪ್ಪಳ, ಪೇಟೆ ಯಾವುದೇ ಇರಲಿ. ನಾಲ್ಕಾರು ಕಂಪ್ಯೂಟರ್ ಇಟ್ಟು, ಒಳಗಿನ ಕೋಣೆಯ ಒಂದು ಸರ್ವರ್‌ನಲ್ಲಿ ಲೆಕ್ಕ ಇಡುವ ಅಂಗಡಿ, ಸಹಕಾರಿ ಸಂಘ, ಕ್ಲಿನಿಕ್‌ಗಳಿಗೆ ಇದು ಗೊತ್ತಿರುವ ತಲೆನೋವು. ಯಾರಾದರೂ ಒಳಗೆ ಹೋಗಿ ಸರ್ವರ್ ಆಫ್ ಮಾಡಿ ಆನ್ ಮಾಡುತ್ತಾರೆ. ಸರಿಯಾಗುತ್ತದೆ. ನಾಳೆ ಮತ್ತೆ ಅದೇ ಕಥೆ.

ರೀಸ್ಟಾರ್ಟ್ ಮಾಡುವುದು ತಪ್ಪೇನಲ್ಲ. ಎದುರಿಗೆ ಜನ ಕಾಯುತ್ತಿರುವಾಗ ಬೇರೆ ದಾರಿ ಇರುವುದಿಲ್ಲ. ಆದರೆ ರೀಸ್ಟಾರ್ಟ್ ಮಾಡಿದ ಕೂಡಲೇ ಅರ್ಧ ಸುಳಿವು ಅಳಿದುಹೋಗುತ್ತದೆ. ಅದಕ್ಕೇ ಸ್ವಿಚ್ ಮುಟ್ಟುವ ಮೊದಲು ಎರಡು ನಿಮಿಷ ತೆಗೆದುಕೊಳ್ಳಿ.

ಹಂತ 1: ಹೊತ್ತು ಬರೆದಿಡಿ

ಎರರ್ ಸಂದೇಶದ ಫೋಟೊ ತೆಗೆಯಿರಿ. ಪಕ್ಕದಲ್ಲೊಂದು ನೋಟ್‌ಬುಕ್ ಇಡಿ. ಎಷ್ಟು ಗಂಟೆಗೆ ಆಯಿತು, ಒಂದೇ ಕಂಪ್ಯೂಟರ್‌ನಲ್ಲಿ ಬಂತಾ ಎಲ್ಲದರಲ್ಲೂ ಬಂತಾ, ಆಗ ಏನು ಕೆಲಸ ನಡೆಯುತ್ತಿತ್ತು, ಇಷ್ಟು ಬರೆಯಿರಿ. ಎಲ್ಲಾ ಕಂಪ್ಯೂಟರ್‌ಗಳ ಮತ್ತು ಸರ್ವರ್‌ನ ಗಡಿಯಾರ ಒಂದೇ ಸಮಯ ತೋರಿಸುತ್ತಿದೆಯಾ ಅಂತಲೂ ನೋಡಿ. ಸಮಯ ಹೊಂದದಿದ್ದರೆ ಮುಂದೆ ಲಾಗ್ (ಸರ್ವರ್ ತಾನೇ ಬರೆದಿಡುವ ದಾಖಲೆ) ತಾಳೆ ನೋಡುವಾಗ ಏನೂ ಅರ್ಥವಾಗುವುದಿಲ್ಲ.

ಒಂದು ವಾರ ಹೀಗೆ ಬರೆದರೆ ಕಾರಣ ಯಾವ ಕಡೆ ಇದೆ ಎಂದು ತಾನಾಗಿ ಕಾಣತೊಡಗುತ್ತದೆ. ಬೆಳಿಗ್ಗೆ ಬಾಗಿಲು ತೆಗೆದ ಮೇಲೆ ಮೊದಲ ಬಿಲ್‌ಗೆ ಮಾತ್ರ ಎರರ್ ಬಂದು, ಎರಡನೇ ಸಲಕ್ಕೆ ಸರಿಹೋದರೆ ಅದು ಹೆಚ್ಚಾಗಿ ಟೈಮ್‌ಔಟ್, ಅಂದರೆ ಸುಮ್ಮನಿದ್ದ ಕನೆಕ್ಷನ್ ಅವಧಿ ಮುಗಿದು ಮುಚ್ಚಿದ್ದು. ಒಂದೇ ಕಂಪ್ಯೂಟರ್‌ಗೆ ತೊಂದರೆಯಾದರೆ ಅದರ ಕೇಬಲ್ ಅಥವಾ ನೆಟ್‌ವರ್ಕ್ ಕಾರ್ಡ್ ನೋಡಬೇಕು. ಎಲ್ಲದಕ್ಕೂ ಒಟ್ಟಿಗೆ ಹೋದರೆ ನೆಟ್‌ವರ್ಕ್ ಸ್ವಿಚ್ (ಎಲ್ಲಾ ಕೇಬಲ್ ಬಂದು ಸೇರುವ ಡಬ್ಬಿ) ಅಥವಾ ಸರ್ವರ್. ವರ್ಷದ ದೊಡ್ಡ ರಿಪೋರ್ಟ್ ತೆಗೆಯುವಾಗ ಮಾತ್ರ ಕಡಿದರೆ ಸರ್ವರ್‌ನ ಮೆಮೊರಿ ಅಥವಾ ಕ್ವೆರಿಗೆ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗೆ) ಇಟ್ಟ ಸಮಯದ ಮಿತಿ. ಸರಿಯಾಗಿ ಇಷ್ಟು ನಿಮಿಷಕ್ಕೊಮ್ಮೆ ಅಂತ ಲೆಕ್ಕ ಹಾಕಿದಂತೆ ಕಡಿಯುತ್ತಿದ್ದರೆ ಅದು ಬಹುತೇಕ ಯಾವುದೋ ಸೆಟ್ಟಿಂಗ್. ಕೇಬಲ್ ಗಡಿಯಾರ ನೋಡಿಕೊಂಡು ಹಾಳಾಗುವುದಿಲ್ಲ, ಅಲ್ವಾ?

ಹಂತ 2: ಸಂದೇಶವನ್ನು ಪೂರ್ತಿ ಓದಿ

'ಕನೆಕ್ಷನ್ ಹೋಯ್ತು' ಎಂದು ಎಲ್ಲದಕ್ಕೂ ಒಂದೇ ಮಾತು ಹೇಳುತ್ತೇವೆ. ಸಂದೇಶಗಳು ಮಾತ್ರ ಬೇರೆ ಬೇರೆ.

'ಕನೆಕ್ಷನ್ ರೆಫ್ಯೂಸ್ಡ್' ಅಂತ ಬಂದರೆ ಸಾಮಾನ್ಯವಾಗಿ ಸರ್ವರ್‌ವರೆಗೆ ದಾರಿ ಇದೆ ಅಂತ ಅರ್ಥ. ಆದರೆ ಅಲ್ಲಿ ಡೇಟಾಬೇಸ್ ಓಡುತ್ತಿಲ್ಲ, ಇಲ್ಲವೇ ಬೇರೆ ಪೋರ್ಟ್‌ನಲ್ಲಿದೆ (ಪೋರ್ಟ್ ಅಂದರೆ ಸರ್ವರ್‌ನೊಳಗೆ ಆ ಸಾಫ್ಟ್‌ವೇರ್‌ನ ಬಾಗಿಲು ಸಂಖ್ಯೆ). ಡೇಟಾಬೇಸ್ ಸಾಫ್ಟ್‌ವೇರ್‌ಗಳಲ್ಲಿ ಮೈಎಸ್‌ಕ್ಯೂಎಲ್‌ಗೆ ಸಾಮಾನ್ಯವಾಗಿ 3306, ಪೋಸ್ಟ್‌ಗ್ರೆಸ್‌ಗೆ 5432, ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ಗೆ 1433, ಒರಾಕಲ್‌ಗೆ 1521. 'ಟೈಮ್ಡ್ ಔಟ್' ಅಂದರೆ ಉತ್ತರವೇ ಬರಲಿಲ್ಲ. ಸರ್ವರ್ ಆಫ್ ಆಗಿರಬಹುದು, ಐಪಿ ವಿಳಾಸ ಬದಲಾಗಿರಬಹುದು, ಫೈರ್‌ವಾಲ್ (ಬೇಡದ ಸಂಪರ್ಕ ತಡೆಯುವ ಕಾವಲು) ಸುಮ್ನೆ ನುಂಗಿರಬಹುದು. 'ಕನೆಕ್ಷನ್ ರೀಸೆಟ್' ಅಥವಾ ವಿಂಡೋಸ್‌ನ 10054 ನಂಬರ್ ಬಂದರೆ, ಇದ್ದ ಕನೆಕ್ಷನ್ನನ್ನು ಆಚೆ ತುದಿಯೋ ನಡುವಿನ ಸಾಧನವೋ ಕಡಿದುಹಾಕಿದೆ. ಮೈಎಸ್‌ಕ್ಯೂಎಲ್‌ನ 2006, ಅಂದರೆ 'ಸರ್ವರ್ ಹ್ಯಾಸ್ ಗಾನ್ ಅವೇ' ಅನ್ನುವುದು ಹೆಚ್ಚಾಗಿ ಮೊದಲೇ ಸತ್ತುಹೋದ ಕನೆಕ್ಷನ್ ಮೇಲೆ ಹೊಸ ಕೆಲಸ ಕಳಿಸಿದಾಗ ಬರುತ್ತದೆ. 2013 ಬಂದರೆ ಹೆಚ್ಚಾಗಿ ಕೆಲಸ ನಡೆಯುತ್ತಿರುವಾಗಲೇ ಕಡಿದಿದೆ.

ಹಂತ 3: ತಂತಿ ಮತ್ತು ಕರೆಂಟ್

ತೋಟದ ಕೊನೆಯ ಸಾಲಿಗೆ ನೀರು ಬರದಿದ್ದರೆ ಪಂಪ್ ಬಿಚ್ಚುವ ಮೊದಲು ಗೇಟ್‌ವಾಲ್ವ್ ಒಂದೊಂದಾಗಿ ಮುಚ್ಚಿ, ಪೈಪ್ ಎಲ್ಲಿ ಒಡೆದಿದೆ ಎಂದು ನೋಡುತ್ತೇವೆ. ಇಲ್ಲೂ ಅದೇ ಕ್ರಮ. ತೊಂದರೆ ಇರುವ ಕಂಪ್ಯೂಟರ್‌ನಲ್ಲಿ ಎರಡು ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಒಂದರಲ್ಲಿ ರೂಟರ್‌ಗೆ, ಇನ್ನೊಂದರಲ್ಲಿ ಸರ್ವರ್‌ಗೆ 'ಪಿಂಗ್ -ಟಿ' (ping -t, ನಂತರ ಆ ಸಾಧನದ ಐಪಿ ವಿಳಾಸ) ಹಾಕಿ ಹಾಗೇ ಬಿಡಿ. ಒಂದೇ ಕಟ್ಟಡದಲ್ಲಿ ಕೇಬಲ್ ಮೂಲಕ ಇರುವ ಸರ್ವರ್ 1 ಮಿಲಿಸೆಕೆಂಡ್ ಆಸುಪಾಸಿನಲ್ಲಿ ಉತ್ತರ ಕೊಡಬೇಕು. ಆಗಾಗ ಉತ್ತರ ತಪ್ಪಿದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎರಡೂ ಕಿಟಕಿಗಳಲ್ಲಿ ಒಟ್ಟಿಗೆ ತಪ್ಪಿದರೆ ಈ ಕಂಪ್ಯೂಟರ್‌ನ ಕೇಬಲ್ ಅಥವಾ ಸ್ವಿಚ್ ಮೇಲೆ ಅನುಮಾನ. ಸರ್ವರ್‌ನದ್ದು ಮಾತ್ರ ತಪ್ಪಿದರೆ ಆ ಕಡೆ ಹೋಗಿ.

ನಮ್ಮ ಕಾಸರಗೋಡಿನ ಹವೆ ಈ ಸಾಮಾನುಗಳಿಗೆ ಒಳ್ಳೆಯದಲ್ಲ. ಜೂನ್‌ನಿಂದ ಶುರುವಾದ ತೇವಕ್ಕೆ ಕೇಬಲ್ ತುದಿಯ ಪ್ಲಗ್‌ನಲ್ಲಿ ಕಿಲುಬು ಹಿಡಿಯುತ್ತದೆ. ಅಕ್ಟೋಬರ್-ನವೆಂಬರ್‌ನಲ್ಲಿ ಸಂಜೆಯ ಗುಡುಗು ಮಳೆ ಬೇರೆ. ಮಿಂಚಿನ ಹೊಡೆತಕ್ಕೆ ಸ್ವಿಚ್ ಪೂರ್ತಿ ಸತ್ತರೆ ಕೂಡಲೇ ಗೊತ್ತಾಗುತ್ತದೆ. ಸ್ವಿಚ್‌ನ ಒಂದು ಪೋರ್ಟ್ (ಇಲ್ಲಿ ಕೇಬಲ್ ಚುಚ್ಚುವ ಜಾಗ) ಅರ್ಧ ಸತ್ತು, ಒಮ್ಮೆ ಕೆಲಸ ಮಾಡಿ ಒಮ್ಮೆ ಮಾಡದೆ ಇದ್ದರೆ ತಿಂಗಳುಗಟ್ಟಲೆ ಸತಾಯಿಸುತ್ತದೆ. ಬೇರೆ ಪೋರ್ಟ್‌ಗೆ ಚುಚ್ಚಿ ನೋಡುವುದು ಖರ್ಚಿಲ್ಲದ ಪರೀಕ್ಷೆ. ಅಂಗಡಿಯಿಂದ ಹಿಂದಿನ ಗೋದಾಮಿಗೆ ಹೊರಗಿನಿಂದ ತಾಮ್ರದ ಕೇಬಲ್ ಎಳೆದಿದ್ದರೆ ಅದನ್ನು ತೆಗೆದು ಫೈಬರ್ ಹಾಕಿಸಿ. ಫೈಬರ್‌ನ ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ದೂರ 100 ಮೀಟರ್ ದಾಟಿದರಂತೂ ತಾಮ್ರ ಬೇಡವೇ ಬೇಡ.

ಇನ್ನೊಂದು ವಿಷಯವನ್ನು ತುಂಬ ಕಡೆ ಮರೆತಿರುತ್ತಾರೆ. ಸರ್ವರ್‌ಗೆ ಯುಪಿಎಸ್ ಇರುತ್ತದೆ, ಕಂಪ್ಯೂಟರ್‌ಗೆ ಇರುತ್ತದೆ. ನಡುವಿನ ಚಿಕ್ಕ ಸ್ವಿಚ್ ಮಾತ್ರ ಗೋಡೆಯ ಪ್ಲಗ್‌ನಲ್ಲಿರುತ್ತದೆ. ಕರೆಂಟ್ ಒಂದು ಕ್ಷಣ ಹೋಗಿ ಬಂದರೆ ಸಾಕು, ಸ್ವಿಚ್ ಮೊದಲಿನಿಂದ ಶುರುವಾಗುತ್ತದೆ. ಆ ಹೊತ್ತಿನಲ್ಲಿ ಸೇವ್ ಆಗುತ್ತಿದ್ದ ಬಿಲ್‌ಗಳು ಎರರ್ ಕೊಡುತ್ತವೆ. ಸ್ವಿಚ್ಚನ್ನೂ ಯುಪಿಎಸ್‌ಗೆ ಸೇರಿಸಿ.

ಬಿಲ್ಲಿಂಗ್ ಕಂಪ್ಯೂಟರ್ ವೈಫೈಯಲ್ಲಿದ್ದರೆ ಕೇಬಲ್‌ಗೆ ಬದಲಿಸಿ. ದಪ್ಪ ಕೆಂಪುಕಲ್ಲಿನ ಗೋಡೆ ಎರಡು ದಾಟಿದರೆ ಸಿಗ್ನಲ್ ಸೊರಗುತ್ತದೆ. ಹಾಗೆಯೇ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಕಾರ್ಡ್‌ನ ಪವರ್ ಉಳಿತಾಯದ ಆಯ್ಕೆ ತೆಗೆಯಿರಿ. ಸರ್ವರ್ ಸ್ಲೀಪ್‌ಗೆ ಹೋಗದಂತೆ ಮಾಡಿ. ಸರ್ವರ್‌ಗೆ ಬದಲಾಗದ ಐಪಿ ವಿಳಾಸ ಕೊಡಿ.

ಹಂತ 4: ಸರ್ವರ್ ತಾನೇ ಬಿದ್ದು ಎದ್ದಿತಾ?

ಡೇಟಾಬೇಸ್ ಎಷ್ಟು ಹೊತ್ತಿನಿಂದ ಓಡುತ್ತಿದೆ ಎಂದು ಕೇಳಬಹುದು. ಮೈಎಸ್‌ಕ್ಯೂಎಲ್‌ನಲ್ಲಿ 'ಅಪ್‌ಟೈಮ್' ನೋಡಿ. ನೀವು ಮುಟ್ಟಿಲ್ಲ, ಆದರೂ ಅದು ಹತ್ತು ನಿಮಿಷ ಅಂತ ತೋರಿಸಿದರೆ ಡೇಟಾಬೇಸ್ ಬಿದ್ದು ಮತ್ತೆ ಎದ್ದಿದೆ. ನೆಟ್‌ವರ್ಕ್ ಹುಡುಕುವುದನ್ನು ನಿಲ್ಲಿಸಿ. ಲಿನಕ್ಸ್‌ನಲ್ಲಿ ಮೆಮೊರಿ ತುಂಬಿದಾಗ ಅದರ ತಿರುಳಾದ ಕರ್ನಲ್ಲೇ ಜಾಸ್ತಿ ಮೆಮೊರಿ ತಿನ್ನುವ ಪ್ರೋಗ್ರಾಂ ಆರಿಸಿ ಕೊಲ್ಲುತ್ತದೆ, ಅದು ಹೆಚ್ಚಾಗಿ ಡೇಟಾಬೇಸೇ ಆಗಿರುತ್ತದೆ. 'ಡಿಮೆಸೇಜ್' (dmesg) ಕಮಾಂಡ್‌ನಲ್ಲಿ 'ಔಟ್ ಆಫ್ ಮೆಮೊರಿ' ಹುಡುಕಿ. ವಿಂಡೋಸ್ ಆದರೆ ಈವೆಂಟ್ ವ್ಯೂವರ್. ಡಿಸ್ಕ್‌ನಲ್ಲಿ ಜಾಗ ಇದೆಯಾ ಅಂತಲೂ ನೋಡಿ.

ಹಂತ 5: ಸುಮ್ಮನಿದ್ದ ಕನೆಕ್ಷನ್ ಸಾಯುವುದು

ತಂತಿ ಸರಿ ಇದೆ, ಸರ್ವರ್ ಬಿದ್ದಿಲ್ಲ, ಆದರೂ ಕಡಿಯುತ್ತಿದೆ ಅಂದರೆ ಹೆಚ್ಚಾಗಿ ಕಾರಣ ಇದೇ. ಇದನ್ನು ನಿಧಾನಕ್ಕೆ ಅರ್ಥ ಮಾಡಿಕೊಳ್ಳಿ.

ಹೆಚ್ಚಿನ ಸಾಫ್ಟ್‌ವೇರ್‌ಗಳು ಪ್ರತಿ ಬಿಲ್‌ಗೂ ಹೊಸ ಕನೆಕ್ಷನ್ ತೆರೆಯುವುದಿಲ್ಲ. ತೆರೆದದ್ದನ್ನೇ ಇಟ್ಟುಕೊಂಡು ಮತ್ತೆ ಮತ್ತೆ ಬಳಸುತ್ತವೆ. ಮೈಎಸ್‌ಕ್ಯೂಎಲ್ ಸರ್ವರ್ ಮಾತ್ರ ಸುಮ್ಮನೆ ಕೂತ ಕನೆಕ್ಷನ್ನನ್ನು 28,800 ಸೆಕೆಂಡ್, ಅಂದರೆ 8 ಗಂಟೆಯ ನಂತರ ಮುಚ್ಚುತ್ತದೆ. 'ವೇಟ್_ಟೈಮ್‌ಔಟ್' (wait_timeout) ಎಂಬ ಸೆಟ್ಟಿಂಗನ್ನು ನಾವು ಬದಲಿಸದಿದ್ದರೆ ಇರುವ ಮಿತಿ ಅದು. ಸಂಜೆ 6ಕ್ಕೆ ಕೊನೆಯ ಬಿಲ್, ಬೆಳಿಗ್ಗೆ 9ಕ್ಕೆ ಮೊದಲ ಬಿಲ್. ನಡುವೆ 15 ಗಂಟೆ. ಕಂಪ್ಯೂಟರ್ ಆಫ್ ಮಾಡದೆ ಹೋಗಿದ್ದರೆ ಬೆಳಗಿನ ಮೊದಲ ಬಿಲ್ ಸತ್ತ ಕನೆಕ್ಷನ್ ಮೇಲೆ ಹೋಗುತ್ತದೆ.

ಸರ್ವರ್ ಮಂಗಳೂರಿನ ಮುಖ್ಯ ಕಚೇರಿಯಲ್ಲೋ ಕ್ಲೌಡ್‌ನಲ್ಲೋ ಇದ್ದು, ಶಾಖೆ ಪೆರ್ಲದಲ್ಲಿದ್ದರೆ ಇನ್ನೂ ಕಷ್ಟ. ನಡುವೆ ರೂಟರ್, ಫೈರ್‌ವಾಲ್‌ಗಳಿವೆ. ಯಾವ ಕನೆಕ್ಷನ್ ಎಲ್ಲಿಗೆ ಅಂತ ಅವು ಪಟ್ಟಿ ಇಟ್ಟುಕೊಳ್ಳುತ್ತವೆ. ಸ್ವಲ್ಪ ಹೊತ್ತು ಏನೂ ಹರಿಯದಿದ್ದರೆ ಆ ಸಾಲನ್ನು ಅಳಿಸುತ್ತವೆ. ಅಮೆಜಾನ್ ಕ್ಲೌಡ್‌ನ ನ್ಯಾಟ್ ಗೇಟ್‌ವೇ (ಇಂಥದ್ದೇ ಒಂದು ನಡುವಿನ ಸಾಧನ) 350 ಸೆಕೆಂಡ್ ಕಾಯುತ್ತದೆ, ಅಂದರೆ ಆರು ನಿಮಿಷವೂ ಇಲ್ಲ. ಅಳಿಸಿದ್ದು ಎರಡೂ ತುದಿಗೆ ಗೊತ್ತಾಗುವುದಿಲ್ಲ. ಇಬ್ಬರೂ ಕನೆಕ್ಷನ್ ಇದೆ ಅಂದುಕೊಂಡಿರುತ್ತಾರೆ. ಮಧ್ಯಾಹ್ನ ಊಟ ಮಾಡಿ ಬಂದವರು ಸೇವ್ ಒತ್ತಿದಾಗ ಪರದೆ ಗಪ್ಪನೆ ನಿಂತುಬಿಡುತ್ತದೆ.

ಇದಕ್ಕೆ ಮದ್ದು ಕೀಪ್‌ಅಲೈವ್. ಆಗಾಗ ಒಂದು ಖಾಲಿ ಪ್ಯಾಕೆಟ್ ಕಳಿಸಿ ಕನೆಕ್ಷನ್ ಜೀವಂತ ಇಡುವುದು. ಕೀಪ್‌ಅಲೈವ್ ಆನ್ ಮಾಡಿದರೂ ಲಿನಕ್ಸ್ ತನ್ನಷ್ಟಕ್ಕೆ 7,200 ಸೆಕೆಂಡ್, ಅಂದರೆ 2 ಗಂಟೆ ಕಾದ ಮೇಲೆಯೇ ಮೊದಲ ಪ್ಯಾಕೆಟ್ ಕಳಿಸುತ್ತದೆ. ಅಷ್ಟರೊಳಗೆ ಫೈರ್‌ವಾಲ್ ಮರೆತಾಗಿರುತ್ತದೆ. ಆ ಸಮಯವನ್ನು 60ರಿಂದ 120 ಸೆಕೆಂಡ್‌ಗೆ ಇಳಿಸಿ. ಸಾಫ್ಟ್‌ವೇರ್ ಕನೆಕ್ಷನ್ ಪೂಲ್ (ತೆರೆದಿಟ್ಟ ಕನೆಕ್ಷನ್‌ಗಳ ಸಂಗ್ರಹ) ಬಳಸುತ್ತಿದ್ದರೆ, ಕೊಡುವ ಮೊದಲು ಕನೆಕ್ಷನ್ ಬದುಕಿದೆಯಾ ಅಂತ ಪರೀಕ್ಷಿಸುವ ಆಯ್ಕೆ ಆನ್ ಮಾಡಿಸಿ. ಒಂದು ಕನೆಕ್ಷನ್‌ನ ಗರಿಷ್ಠ ಆಯುಷ್ಯ ಸರ್ವರ್‌ನ ಮಿತಿಗಿಂತ ಕಡಿಮೆ ಇರಲಿ.

ಕೆಲವರು ವೇಟ್_ಟೈಮ್‌ಔಟ್ ಒಂದನ್ನೇ ಏರಿಸುತ್ತಾ ಹೋಗುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ಫೈರ್‌ವಾಲ್ ಅದನ್ನು ಕೇಳುವುದಿಲ್ಲ. ಮೇಲಾಗಿ ಮಲಗಿದ ಕನೆಕ್ಷನ್‌ಗಳು ರಾಶಿ ಬೀಳುತ್ತವೆ. ಮೈಎಸ್‌ಕ್ಯೂಎಲ್ ಬದಲಿಸದೆ ಬಿಟ್ಟರೆ 151, ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ 100 ಕನೆಕ್ಷನ್‌ಗಳಿಗೆ ನಿಲ್ಲುತ್ತದೆ. ಆಮೇಲೆ 'ಟೂ ಮೆನಿ ಕನೆಕ್ಷನ್ಸ್' ಎಂಬ ಹೊಸ ಜಗಳ.

ಶಾಖೆಯವರಿಗೆ ಇನ್ನೊಂದು ಪರೀಕ್ಷೆ. ಚಿಕ್ಕ ಬಿಲ್ ಹೋಗುತ್ತದೆ, ದೊಡ್ಡ ರಿಪೋರ್ಟ್ ಮಾತ್ರ ನೇತಾಡುತ್ತದೆ ಅಂದರೆ ವಿಪಿಎನ್‌ನಲ್ಲಿ (ಇಂಟರ್ನೆಟ್ ಮೂಲಕ ಕಚೇರಿಗೆ ಹಾಕಿದ ಖಾಸಗಿ ದಾರಿಯಲ್ಲಿ) ಪ್ಯಾಕೆಟ್ ಗಾತ್ರದ ತೊಂದರೆ ಇರಬಹುದು. ಸಾಮಾನ್ಯ ಗಾತ್ರ 1,500 ಬೈಟ್, ವಿಪಿಎನ್ ಒಳಗೆ ಅದಕ್ಕಿಂತ ಕಡಿಮೆ. ಎಮ್‌ಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) 1,400ಕ್ಕೆ ಇಳಿಸಿ ನೋಡಿ. ವಿಪಿಎನ್ ಕಿರಿಕಿರಿ ಅಂತ ಡೇಟಾಬೇಸ್ ಪೋರ್ಟ್ ಅನ್ನು ನೇರ ಇಂಟರ್ನೆಟ್‌ಗೆ ತೆರೆದಿಡುವ ಕೆಲಸ ಮಾತ್ರ ದಯವಿಟ್ಟು ಮಾಡಬೇಡಿ.

ಹಂತ 6: ಕಡಿದ ಬಿಲ್ ಏನಾಯಿತು?

ಎಷ್ಟು ಸರಿ ಮಾಡಿದರೂ ಕನೆಕ್ಷನ್ ಒಂದಲ್ಲ ಒಂದು ದಿನ ಕಡಿಯುತ್ತದೆ. ಸೇವ್ ಒತ್ತಿದ ಮೇಲೆ ಕಡಿದರೆ ಬಿಲ್ ಸರ್ವರ್‌ನಲ್ಲಿ ಬಿದ್ದಿರಬಹುದು, ಬೀಳದೆಯೂ ಇರಬಹುದು. ಉತ್ತರ ಬರಲಿಲ್ಲ ಅನ್ನುವುದಷ್ಟೇ ನಮಗೆ ಗೊತ್ತು. ಸಾಫ್ಟ್‌ವೇರ್ ಕಣ್ಣುಮುಚ್ಚಿ ಮತ್ತೆ ಕಳಿಸಿದರೆ ಒಬ್ಬ ರೈತರ ಹೆಸರಿನಲ್ಲಿ ಒಂದೇ ಅಡಿಕೆಗೆ ಎರಡು ಬಿಲ್ ಆಗುತ್ತದೆ. ಸಾಫ್ಟ್‌ವೇರ್ ಮಾಡಿದವರಿಗೆ ನಿಮ್ಮ ನೋಟ್‌ಬುಕ್‌ನ ಸಮಯಗಳನ್ನು ಫೋಟೊ ಸಹಿತ ಕಳಿಸಿ. ಜೊತೆಗೆ ಪ್ರತಿ ಬಿಲ್‌ಗೂ ಕಂಪ್ಯೂಟರ್ ಕಡೆಯಿಂದಲೇ ಒಂದು ಗುರುತು ಸಂಖ್ಯೆ ಹೋಗಬೇಕು, ಅದೇ ಸಂಖ್ಯೆ ಎರಡನೇ ಸಲ ಬಂದರೆ ಡೇಟಾಬೇಸ್ ತೆಗೆದುಕೊಳ್ಳಬಾರದು ಎಂದು ಕೇಳಿ. ಅದು ಆಗುವವರೆಗೆ, ಎರರ್ ಬಂದ ಮೇಲೆ ಮತ್ತೆ ಸೇವ್ ಒತ್ತುವ ಮೊದಲು ಕೊನೆಯ ಬಿಲ್‌ಗಳ ಪಟ್ಟಿ ತೆರೆದು ನೋಡುವಂತೆ ಕೌಂಟರ್‌ನಲ್ಲಿ ಕೂರುವವರಿಗೆ ಹೇಳಿಡಿ.