ಕಾಡಿನ ದಿಬ್ಬ ಯಾರದ್ದು? ಮೊದಲು ಗುಂಡಿ ಹುಡುಕಿ

ಮಲೆನಾಡಿನ ಕಾಡಲ್ಲಿ ಮೊಣಕಾಲೆತ್ತರದ ಮಣ್ಣುದಿಬ್ಬ ತೋರಿಸಿ ಕೇಳಿದರೆ ಬರುವ ಉತ್ತರ ಎರಡೇ: ಹುತ್ತ, ಇಲ್ಲವೇ ನಿಧಿ. ನಾನು ದಿಬ್ಬ ನೋಡುವ ಮೊದಲು ಅದರಿಂದ ಹತ್ತು ಹೆಜ್ಜೆ ದೂರದಲ್ಲಿ ಪೂರ್ತಿ ಒಂದು ಸುತ್ತು ಬರುತ್ತೇನೆ. ಎದ್ದ ಮಣ್ಣು ಎಲ್ಲಿಂದಲೋ ಬಂದಿರಲೇಬೇಕು. ಅದನ್ನು ತೆಗೆದ ಗುಂಡಿ ಸಿಕ್ಕಿದರೆ ಅರ್ಧ ಕೆಲಸ ಮುಗಿಯಿತು.

ಗುಂಡಿ ದಿಬ್ಬದ ಒಂದೇ ಬದಿಗೆ ಅಂಟಿಕೊಂಡಿದ್ದರೆ ಅದು ಬುಡಮೇಲಾದ ಮರದ ಗುರುತು. ಮುಂಗಾರಿನ ಗಾಳಿ ಪಡುವಣದಿಂದ ಬೀಸುವುದರಿಂದ ಮರ ಹೆಚ್ಚಾಗಿ ಮೂಡಣಕ್ಕೆ ಉರುಳುತ್ತದೆ. ಬೇರಿನ ಜೊತೆ ಎದ್ದ ಮಣ್ಣು, ಬೇರು ಕೊಳೆತ ಮೇಲೆ ಗುಂಡಿಯ ಮೂಡಣ ಅಂಚಿನಲ್ಲಿ ಕುಸಿದು ಗುಪ್ಪೆಯಾಗುತ್ತದೆ. ಕಾಂಡ ಮಣ್ಣಾಗಿ ಹೋದ ಮೇಲೂ ಈ ಜೋಡಿ ಉಳಿದಿರುತ್ತದೆ. ಅಂಥ ನಾಲ್ಕೈದು ಜೋಡಿ ಒಂದೇ ದಿಕ್ಕಿಗಿದ್ದರೆ ಅನುಮಾನ ಬೇಡ. ಕಡಿದಾದ ಇಳಿಜಾರಿನಲ್ಲಿ ಮಾತ್ರ ದಿಕ್ಕನ್ನು ನಂಬಬೇಡಿ, ಅಲ್ಲಿ ಮರ ಗಾಳಿಗಿಂತ ಇಳಿಜಾರಿನ ಮಾತು ಕೇಳುತ್ತದೆ. ದಿಬ್ಬ ಉದ್ದಕ್ಕೆ ಸಾಗಿ, ಪಕ್ಕದಲ್ಲಿ ಅಷ್ಟೇ ಉದ್ದದ ತಗ್ಗಿದ್ದರೆ ಅದು ಹಳೇ ಅಗಳು ಅಥವಾ ಆನೆ ಕಂದಕದ ಮಣ್ಣು.

ತಲೆನೋವು ಶುರುವಾಗುವುದು ಗುಂಡಿಯೇ ಕಾಣದಿದ್ದಾಗ. ಕೋಟೆಯಂತೆ ಆಳೆತ್ತರ ನಿಂತ ಹುತ್ತವನ್ನು ಯಾರೂ ಬೇರೆಯದೆಂದುಕೊಳ್ಳುವುದಿಲ್ಲ. ಗೆದ್ದಲು ಬಿಟ್ಟುಹೋಗಿ, ಮಳೆಗೆ ಕರಗಿ, ನಾಲ್ಕೈದು ಮೀಟರ್ ಅಗಲಕ್ಕೆ ಹರಡಿಕೊಂಡ ಹಳೇ ಹುತ್ತ ಮಾತ್ರ ಥೇಟ್ ಗೋರಿಯ ಹಾಗೆ ಕಾಣುತ್ತದೆ. ಇದಕ್ಕೆ ನನ್ನ ಪರೀಕ್ಷೆ ಬಾಟಲಿಯದು. ಗೆದ್ದಲು ಮಣ್ಣನ್ನು ಬಾಯಲ್ಲಿ ಕಚ್ಚಿ ತರುತ್ತದೆ, ಹಾಗಾಗಿ ಹುತ್ತದ ಮಣ್ಣಲ್ಲಿ ಬಟಾಣಿ ಗಾತ್ರದ ಗರಸು ಇರುವುದಿಲ್ಲ. ಮನುಷ್ಯ ಬುಟ್ಟಿಯಲ್ಲಿ ತಂದು ಸುರಿದದ್ದರಲ್ಲಿ ಎಲ್ಲವೂ ಇರುತ್ತದೆ.

ಒಂದು ಲೀಟರಿನ ಎರಡು ಪಾರದರ್ಶಕ ಬಾಟಲಿ ಬೇಕು. ಒಂದಕ್ಕೆ ದಿಬ್ಬದ ಮೇಲ್ಭಾಗದಲ್ಲಿ ಪ್ರಾಣಿಗಳು ಕೆದರಿ ಸಡಿಲವಾದ ಮಣ್ಣು, ಇನ್ನೊಂದಕ್ಕೆ ಅದೇ ಮಟ್ಟದಲ್ಲಿ ಹತ್ತು ಮೀಟರ್ ದೂರದ ಮಣ್ಣು. ಕಾಲುಭಾಗ ಮಣ್ಣು, ಮುಕ್ಕಾಲು ನೀರು, ಚಿಟಿಕೆ ಸೋಪಿನ ಪುಡಿ. ರಾತ್ರಿಯಿಡೀ ನೆನೆಸಿ ಬೆಳಿಗ್ಗೆ ಎರಡು ನಿಮಿಷ ಜೋರಾಗಿ ಕುಲುಕಿ. ಗರಸು, ಮರಳು ಮೊದಲ ನಿಮಿಷದಲ್ಲೇ ತಳ ಸೇರುತ್ತವೆ, ನಯವಾದ ಜೇಡಿ ಮರುದಿನವೂ ನೀರನ್ನು ಕದಡಿಯೇ ಇಡುತ್ತದೆ. ಪಕ್ಕದ ಮಣ್ಣಿನ ತಳದಲ್ಲಿ ಜಂಬಿಟ್ಟಿಗೆ ಗರಸು ಕಂಡು, ದಿಬ್ಬದ್ದರಲ್ಲಿ ಕಾಣದಿದ್ದರೆ ಅದು ಹುತ್ತ. ನೆನೆಸದೆ ಕುಲುಕುವುದೇ ಇಲ್ಲಿ ಆಗುವ ಸಾಮಾನ್ಯ ತಪ್ಪು: ಹುತ್ತದ ಗೋಡೆಯ ಗಟ್ಟಿ ಹೆಂಟೆ ಕರಗದೆ ಉಳಿದು ಗರಸಿನ ವೇಷ ಹಾಕುತ್ತದೆ. ಬುಡದ ಮಣ್ಣನ್ನೂ ತೆಗೆದುಕೊಳ್ಳಬಾರದು, ಮೇಲಿನಿಂದ ಮಳೆನೀರು ತಂದ ಗರಸು ಅಲ್ಲಿ ನಿಂತಿರುತ್ತದೆ.

ಹುತ್ತದಲ್ಲಿ ಗೆದ್ದಲು ಇನ್ನೂ ಇದೆಯೇ ಎಂದು ತಿಳಿಯಲು ಹೊರಗೋಡೆಯನ್ನು ಕಡ್ಡಿಯಿಂದ ಉಗುರಿನಷ್ಟು ಕೆರೆದು ಬಂದರೆ ಸಾಕು. ಮರುದಿನ ಅಲ್ಲಿ ಗಾಢ ಬಣ್ಣದ ಹಸಿ ಮಣ್ಣಿನ ತೇಪೆ ಇರುತ್ತದೆ. ಬಿಲದೊಳಗೆ ಕೈ ಮಾತ್ರ ಹಾಕಬೇಡಿ. ಬಾಯಿ ಅಗಲವಾಗಿ ಬಗೆದಿದ್ದರೆ ಅದು ಕರಡಿ ಅಥವಾ ಚಿಪ್ಪುಹಂದಿಯ ಕೆಲಸ. ಬಾಯಲ್ಲಿ ಕಡಿದ ಮೂಳೆ, ಮುಳ್ಳು ಬಿದ್ದಿದ್ದರೆ ಈಗಿನ ಒಕ್ಕಲು ಮುಳ್ಳುಹಂದಿ.

ಬಾಟಲಿಯ ತಳದಲ್ಲಿ ಗರಸು ಬಂತೆನ್ನಿ. ಆಗ ದಿಬ್ಬದ ಅಂಚು ನೋಡಬೇಕು. ತರಗೆಲೆಯನ್ನು ಕೋಲಿನಿಂದ ಸರಿಸುತ್ತ ಸುತ್ತು ಬಂದರೆ, ಅದು ಬೃಹತ್ ಶಿಲಾಗೋರಿ (ಕಬ್ಬಿಣ ಯುಗದ ಜನ ದೊಡ್ಡ ಕಲ್ಲುಗಳಿಂದ ಕಟ್ಟಿದ ಸಮಾಧಿ) ಆಗಿದ್ದಲ್ಲಿ ಗುಂಡುಗಲ್ಲುಗಳು ವೃತ್ತದಲ್ಲಿ ಸಿಗುತ್ತವೆ, ನಡುವೆ ಕಲ್ಗುಪ್ಪೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಸಿದ್ದು ಇಂಥ ಗೋರಿಗಳನ್ನೇ. ಜೊತೆಗೆ ಮಡಕೆ ಚೂರು ಹುಡುಕಿ. ಒಳಮೈ ಮತ್ತು ಕಂಠ ಕಪ್ಪು, ಹೊರಮೈ ಕೆಂಪು ಇದ್ದರೆ ಅದು ಆ ಕಾಲದ ಮಡಕೆ. ಅಡುಗೆ ಮಾಡಿ ಮಸಿ ಹಿಡಿದ ಮಡಕೆ ಇದಕ್ಕೆ ತಿರುಗಾ ಮುರುಗಾ, ಹೊರಗೆ ಕಪ್ಪಿರುತ್ತದೆ. ಕಲ್ಗುಪ್ಪೆಯ ಮೇಲೇ ಹುತ್ತ ಬೆಳೆಯುವುದೂ ಉಂಟು, ಆಗ ಬಾಟಲಿ ಪರೀಕ್ಷೆ ಸುಳ್ಳು ಹೇಳುತ್ತದೆ. ಆದ್ದರಿಂದ ಹುತ್ತ ಎಂದು ಖಾತ್ರಿಯಾದ ಮೇಲೂ ಅಂಚಿನ ಕಲ್ಲು ಎಣಿಸದೆ ನಾನು ಜಾಗ ಬಿಡುವುದಿಲ್ಲ. ನೆತ್ತಿಯಲ್ಲಿ ಗುಂಡಿ ಇದ್ದು ಪಕ್ಕದಲ್ಲಿ ಒಣಗಿದ ನಿಂಬೆಹಣ್ಣು ಬಿದ್ದಿದ್ದರೆ ನಿಧಿಗಳ್ಳರು ನಮಗಿಂತ ಮುಂಚೆ ಬಂದುಹೋಗಿದ್ದಾರೆ.

ಕೈಗೆತ್ತಿಕೊಂಡ ಕಲ್ಲು ಗಾತ್ರಕ್ಕೆ ಮೀರಿ ಭಾರವಿದ್ದು, ಮೈಮೇಲೆ ಬೆಲ್ಲದ ಪಾಕ ಹರಿದು ಹೆಪ್ಪುಗಟ್ಟಿದಂಥ ಗೆರೆಗಳಿದ್ದರೆ ಅದು ಕಬ್ಬಿಣ ಕರಗಿಸಿದ ಕಿಟ್ಟ. ಸುತ್ತ ಸುಟ್ಟ ಜೇಡಿಮಣ್ಣಿನ ಕೊಳವೆ ಚೂರುಗಳಿರಬಹುದು, ತಿದಿಯ ಗಾಳಿ ಕುಲುಮೆಗೆ ಹೋಗುತ್ತಿದ್ದ ದಾರಿ ಅದು. ಕಿಟ್ಟವಿಲ್ಲದೆ ಬರೀ ಕಪ್ಪು ಮಣ್ಣು, ಮಟ್ಟಸವಾದ ದುಂಡು ಜಾಗವಿದ್ದರೆ ಇದ್ದಿಲು ಸುಟ್ಟ ನೆಲೆ.

ಅಳತೆಗೆ ಎರಡು ಕೋಲು, ದಾರ, ರಸಮಟ್ಟ, 30 ಮೀಟರಿನ ಟೇಪು ಸಾಕು. ಅಗಲವನ್ನು ಉತ್ತರ-ದಕ್ಷಿಣ, ಪೂರ್ವ-ಪಶ್ಚಿಮ ಎರಡೂ ಕಡೆ ತೆಗೆಯಿರಿ. ಕರಗಿದ ಹುತ್ತ ಇಳಿಜಾರಿನತ್ತ ಉದ್ದವಾಗಿರುತ್ತದೆ, ಕಟ್ಟಿದ ಗೋರಿ ಹೆಚ್ಚುಕಮ್ಮಿ ದುಂಡಗಿರುತ್ತದೆ. ಎತ್ತರವನ್ನು ಮೇಲ್ಬದಿ, ಕೆಳಬದಿ ಎರಡರಿಂದಲೂ ಬರೆದುಕೊಳ್ಳಿ. ತಗ್ಗು ದಿಬ್ಬಗಳು ಚೆನ್ನಾಗಿ ಕಾಣುವುದು ಬೆಳಗಿನ ಓರೆ ಬಿಸಿಲಲ್ಲಿ, ಪೊದೆ ಒಣಗಿದ ಜನವರಿಯಿಂದ ಮಾರ್ಚಿನೊಳಗೆ. ದುರದೃಷ್ಟಕ್ಕೆ ಉಣುಗಿನ ಕಾಲವೂ ಅದೇ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಉಣುಗನ್ನು ದೂರವಿಡುವ ಡೇಪಾ ಎಣ್ಣೆ ಹಚ್ಚಿಕೊಂಡೇ ಹೊರಡಿ. ಮಂಗ ಸತ್ತುಬಿದ್ದ ಕಡೆ ಹೋಗಲೇಬೇಡಿ. ಕಾಡಿಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅನುಮತಿ ಸಿಕ್ಕಿತೆಂದು ಅಗೆಯುವ ಹಾಗಿಲ್ಲ, ಗೋರಿಯ ಲಕ್ಷಣ ಕಂಡರೆ ಪುರಾತತ್ವ ಇಲಾಖೆಗೆ ಫೋಟೊ, ಅಳತೆ ತಲುಪಿಸಿ.

ಇನ್ನೊಂದು ಗುಪ್ಪೆಗೆ ಟೇಪು ಹಿಡಿಯುವ ಹಾಗೇ ಇಲ್ಲ. ಬೇಸಿಗೆಯಲ್ಲಿ ಬಿದಿರುಮೆಳೆಯ ಹತ್ತಿರ ಬರೀ ತರಗೆಲೆಯ ಅಚ್ಚುಕಟ್ಟಾದ ರಾಶಿ ಕಂಡು, ಸುತ್ತಲಿನ ನೆಲ ಗುಡಿಸಿದಂತೆ ಬರಿದಾಗಿದ್ದರೆ ಕೋಲು ಚಾಚಬೇಡಿ. ಕಾಳಿಂಗ ಎಲೆ ಎಳೆದು ಮೊಟ್ಟೆಯಿಡುವ ಗೂಡು ಅದು. ಹೆಣ್ಣುಹಾವು ಅಲ್ಲೇ ಕಾವಲಿರುತ್ತದೆ. ಬಂದ ದಾರಿಯಲ್ಲೇ ನಿಧಾನ ಹಿಂದೆ ಸರಿದು ಅರಣ್ಯ ಸಿಬ್ಬಂದಿಗೆ ತಿಳಿಸಿ.