ಫೈಲಿನ ನಡುವೆ ಬೇಕಾದ ಜಾಗಕ್ಕೇ ಹೋಗಿ ತಿದ್ದುವುದು ಹೇಗೆ?

ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಊರುಗಳ ಪಟ್ಟಿ ತಿದ್ದುತ್ತಿದ್ದ. ಮೊದಲ ಸಾಲಿನ ‘ಮೈಸೂರು’ ತೆಗೆದು ‘ಹಾಸನ’ ಹಾಕಬೇಕಿತ್ತು. ಪ್ರೋಗ್ರಾಂ ಓಡಿತು, ಎರರ್ ಬರಲಿಲ್ಲ. ಫೈಲ್ ತೆರೆದರೆ ‘ಹಾಸನರು’ ಅಂತ ಇತ್ತು! ಈ ತಪ್ಪನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಮೊದಲು ಫೈಲಿನ ಒಂದು ಕಾಪಿ ಇಟ್ಟುಕೊಳ್ಳಿ.

ಆಮೇಲೆ ‘ಆರ್‌ಬಿ ಪ್ಲಸ್’ (rb+) ಮೋಡ್‌ನಲ್ಲಿ, ಅಂದರೆ ಓದಲೂ ಬರೆಯಲೂ ಆಗುವಂತೆ, ಓಪನ್ ಮಾಡಿ. ‘ಡಬ್ಲ್ಯೂ’ ಹಾಕಿದರೆ ಓಪನ್ ಆದ ಕ್ಷಣವೇ ಹಳೆಯದೆಲ್ಲ ಅಳಿಸಿಹೋಗುತ್ತದೆ. ‘ಎ’ ಹಾಕಿದರೆ ನೀವು ಎಲ್ಲಿಗೇ ಹೋಗಿ ನಿಂತರೂ ಬರೆದದ್ದು ಫೈಲಿನ ಕೊನೆಗೇ ಸೇರುತ್ತದೆ. ‘ಬಿ’ (ಬೈನರಿ) ಬಿಡಬೇಡಿ. ಅದಿಲ್ಲದ ಟೆಕ್ಸ್ಟ್ ಮೋಡ್‌ನಲ್ಲಿ ‘ಈಗಿರುವ ಜಾಗದಿಂದ ಹತ್ತು ಮುಂದೆ’ ಅಂದರೆ ಪೈಥಾನ್ ಒಪ್ಪುವುದೇ ಇಲ್ಲ.

ಫೈಲಿನಲ್ಲಿ ಈಗ ಎಲ್ಲಿದ್ದೇವೆ ಅಂತ ಹೇಳುವುದು ‘ಟೆಲ್’, ಬೇರೆ ಜಾಗಕ್ಕೆ ಕರೆದೊಯ್ಯುವುದು ‘ಸೀಕ್’. ಸೀಕ್‌ಗೆ ಎರಡು ಸಂಖ್ಯೆ ಕೊಡಬಹುದು. ಮೊದಲನೆಯದು ಎಷ್ಟು ದೂರ, ಎರಡನೆಯದು ಎಲ್ಲಿಂದ: 0 ಅಂದರೆ ಶುರುವಿನಿಂದ, 1 ಅಂದರೆ ಈಗಿರುವ ಕಡೆಯಿಂದ, 2 ಅಂದರೆ ಕೊನೆಯಿಂದ. ಓದುವುದಕ್ಕೂ ಬರೆಯುವುದಕ್ಕೂ ಇರುವುದು ಒಂದೇ ಜಾಗ. ಅದಕ್ಕೇ ಓದಿದ ಮೇಲೆ ಬರೆಯುವ ಮೊದಲು ಮತ್ತೆ ಸೀಕ್ ಮಾಡಿ.

ಎಲ್ಲರೂ ಎಡವುವುದು ಲೆಕ್ಕದಲ್ಲಿ. ಸೀಕ್ ಎಣಿಸುವುದು ಅಕ್ಷರವನ್ನಲ್ಲ, ಬೈಟನ್ನು, ಅಂದರೆ ಫೈಲಿನ ಗಾತ್ರ ಅಳೆಯುವ ಚಿಕ್ಕ ಘಟಕವನ್ನು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್, ಹಾಗಾಗಿ ಅಲ್ಲಿ ತಪ್ಪು ಗೊತ್ತಾಗುವುದಿಲ್ಲ. ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತದ ಚಿಹ್ನೆಗೂ 3 ಬೈಟ್ ಬೇಕು. ‘ಮೈಸೂರು’ ನಮ್ಮ ಕಣ್ಣಿಗೆ ಮೂರೇ ಅಕ್ಷರ. ಕಂಪ್ಯೂಟರಿಗೆ ಮ, ಐತ್ವ, ಸ, ಊತ್ವ, ರ, ಉತ್ವ, ಒಟ್ಟು ಆರು, ಅಂದರೆ 18 ಬೈಟ್. 6ಕ್ಕೆ ಸೀಕ್ ಮಾಡಿ ಓದಿದರೆ ‘ಸೂರು’ ಸಿಗುತ್ತದೆ. 3ಕ್ಕೆ ಹೋದರೆ ಮ ಇಲ್ಲದ ಬರೀ ಐತ್ವದಿಂದ ಶುರುವಾಗುತ್ತದೆ. 5ಕ್ಕೆ ಹೋದರೆ ಚಿಹ್ನೆಯ ಹೊಟ್ಟೆಯೊಳಗೇ ನಿಂತಿರುತ್ತೀರಿ, ಡಿಕೋಡ್ ಮಾಡುವಾಗ (ಬೈಟ್‌ಗಳನ್ನು ಮತ್ತೆ ಅಕ್ಷರ ಮಾಡುವಾಗ) ಎರರ್ ಬರುತ್ತದೆ.

ಇನ್ನು ‘ಹಾಸನ’ 12 ಬೈಟ್. ಫೈಲಿನಲ್ಲಿ ಬರೆಯುವುದು ಅಂದರೆ ನಡುವೆ ತೂರಿಸುವುದಲ್ಲ, ಇದ್ದದ್ದರ ಮೇಲೇ ಬರೆಯುವುದು. 12 ಬೈಟ್ ಬದಲಾಯಿತು, ಉಳಿದ 6 ಬೈಟ್‌ನ ‘ರು’ ಹಾಗೇ ಉಳಿಯಿತು. ‘ಹಾಸನ’ ಇದ್ದ ಕಡೆ ‘ಮೈಸೂರು’ ಬರೆದರೆ ಇನ್ನೂ ಕಷ್ಟ: ಸಾಲಿನ ಕೊನೆಯೂ ಹೋಗುತ್ತದೆ, ಮುಂದಿನ ಊರಿನ ಮೊದಲ ಅಕ್ಷರವೂ ಕೆಡುತ್ತದೆ.

‘ಲೆನ್’ ಹಾಕಿ ಪದದ ಉದ್ದ ನೋಡುವ ಶಾರ್ಟ್‌ಕಟ್ ಬೇಡ, ಅದು 6 ಅನ್ನುತ್ತದೆ. ಮೊದಲು ‘ಎನ್‌ಕೋಡ್’ ಮಾಡಿ (ಪದವನ್ನು ಬೈಟ್‌ಗಳಾಗಿಸಿ), ಆಮೇಲೆ ಅಳೆಯಿರಿ. ಚಿಕ್ಕ ಪದವಾದರೆ ಕೊರತೆ ಬಿದ್ದಷ್ಟು ಸ್ಪೇಸ್ ತುಂಬಿ. ದೊಡ್ಡದಾದರೆ ಇದ್ದ ಜಾಗದಲ್ಲೇ ತಿದ್ದುವ ಹಟ ಬಿಡಿ, ಪೂರ್ತಿ ಹೊಸ ಫೈಲ್ ಬರೆದು ಹಳೆಯದರ ಜಾಗದಲ್ಲಿ ಇಡಿ. ಪಟ್ಟಿ ಚಿಕ್ಕದಿದ್ದರೆ ನಾನಂತೂ ಯಾವಾಗಲೂ ಹೀಗೇ ಮಾಡುವುದು.

ಲೆಕ್ಕ ಸರಿಯಿದ್ದೂ 3 ಬೈಟ್ ಆಚೀಚೆ ಆಗುತ್ತಿದೆಯಾ? ಕೆಲವು ಎಡಿಟರ್‌ಗಳು ಫೈಲಿನ ಶುರುವಿನಲ್ಲಿ ಕಣ್ಣಿಗೆ ಕಾಣದ ‘ಬಿಓಎಂ’ (BOM) ಅನ್ನುವ ಗುರುತು ಸೇರಿಸುತ್ತವೆ, ಅದು ಸರಿಯಾಗಿ 3 ಬೈಟ್. ಅಂಥ ಎಡಿಟರ್‌ನ ಸೆಟ್ಟಿಂಗ್ ಬದಲಿಸಿ, ಆಗದಿದ್ದರೆ ಎಡಿಟರನ್ನೇ ಬದಲಿಸಿ.

ದೊಡ್ಡ ಲಾಗ್ ಫೈಲಿನ (ಪ್ರೋಗ್ರಾಂ ತನ್ನ ಕೆಲಸದ ದಾಖಲೆ ಬರೆದಿಡುವ ಫೈಲ್) ಬಾಲ ಮಾತ್ರ ಬೇಕಿದ್ದರೆ ಸೀಕ್‌ಗೆ ಮೈನಸ್ 500 ಮತ್ತು 2 ಕೊಡಿ. ಇಡೀ ಫೈಲ್ ಓದುವ ಕೆಲಸವಿಲ್ಲ. ಫೈಲ್ 500 ಬೈಟ್‌ಗಿಂತ ಚಿಕ್ಕದಿದ್ದರೆ ಎರರ್ ಬರುತ್ತದೆ, ಸೈಜ್ ಮೊದಲೇ ನೋಡಿಕೊಳ್ಳಿ. ಸಿಕ್ಕ ಮೊದಲ ಸಾಲು ಅರ್ಧಕ್ಕೆ ತುಂಡಾಗಿರಬಹುದು. ಅದನ್ನು ಬಿಟ್ಟು ಎರಡನೆಯ ಸಾಲಿನಿಂದ ಓದಿ.