ಜಾರಿದ ಸೊಂಟದ ಕೀಲು: ಓಪನ್ ರಿಡಕ್ಷನ್ ನಾನು ಮಾಡುವ ಕ್ರಮ

ತೊಡೆಮೂಳೆಯ ತುದಿಯ ಚೆಂಡು ಸೊಂಟದ ಮೂಳೆಯ ಬಟ್ಟಲಿನಿಂದ ಹೊರಗಿರುವುದೇ ಜಾರಿದ ಕೀಲು; ಕೀಲು ತೆರೆದು ಅದನ್ನು ಕೂರಿಸುವುದು ಓಪನ್ ರಿಡಕ್ಷನ್. ಆರು ತಿಂಗಳೊಳಗೆ ಪತ್ತೆಯಾದ ಮಗುವಿಗೆ ಆಪರೇಷನ್ ಮಾತು ಮೊದಲಿಗೇ ಬೇಡ. ಪಾವ್ಲಿಕ್ ಹಾರ್ನೆಸ್‌ನಲ್ಲಿ (ಕಾಲುಗಳನ್ನು ಹಿಡಿದಿಡುವ ಪಟ್ಟಿಗಳ ಕವಚ) ತೊಡೆಯನ್ನು 90ರಿಂದ 100 ಡಿಗ್ರಿ ಮಡಿಸಿ, ಕಾಲು ತಾನಾಗಿ ಅಗಲಕ್ಕೆ ಬೀಳಲು ಬಿಟ್ಟರೆ ಬಹಳಷ್ಟು ಕೀಲುಗಳು ಕೂರುತ್ತವೆ. ಮೂರು–ನಾಲ್ಕು ವಾರ ಕಳೆದರೂ ಅಲ್ಟ್ರಾಸೌಂಡ್‌ನಲ್ಲಿ ಚೆಂಡು ಹೊರಗೇ ಕಂಡರೆ ಹಾರ್ನೆಸ್ ಬಿಚ್ಚಿಬಿಡುತ್ತೇನೆ. ಹಾಗೇ ಮುಂದುವರಿಸಿದರೆ ಚೆಂಡು ಬಟ್ಟಲಿನ ಹಿಂದಿನ ಅಂಚನ್ನು ಒತ್ತಿ ಒತ್ತಿ ಸವೆಸುತ್ತದೆ.

ಆರರಿಂದ ಹದಿನೆಂಟು ತಿಂಗಳ ಮಗುವಿಗೆ ಅರಿವಳಿಕೆಯಲ್ಲಿ ಕ್ಲೋಸ್ಡ್ ರಿಡಕ್ಷನ್, ಅಂದರೆ ಕೀಲು ತೆರೆಯದೆ ಕೂರಿಸುವುದು. ತೊಡೆಯ ಒಳಬದಿಯ ಅಡಕ್ಟರ್ ಸ್ನಾಯುರಜ್ಜು ಬಿಗಿಯಿದ್ದರೆ ಸಣ್ಣ ಗಾಯದಿಂದ ಕತ್ತರಿಸಿ, ಕೀಲಿಗೆ ಡೈ ಹಾಕಿ ಸಿ-ಆರ್ಮ್‌ನಲ್ಲಿ (ಟೇಬಲ್ ಬಳಿಯ ಎಕ್ಸ್‌ರೇ ಯಂತ್ರ) ನೋಡುತ್ತೇನೆ. ಚೆಂಡಿನ ಒಳಬದಿಯಲ್ಲಿ ನಿಂತ ಡೈ 5 ಮಿಲಿಮೀಟರ್‌ಗಿಂತ ಹೆಚ್ಚಿದ್ದರೆ ನಡುವೆ ಏನೋ ಸಿಕ್ಕಿಕೊಂಡಿದೆ ಎಂದೇ ಅರ್ಥ. ಕಾಲನ್ನು 60 ಡಿಗ್ರಿಗಿಂತ ಹೆಚ್ಚು ಅಗಲಿಸಿದರೆ ಮಾತ್ರ ಚೆಂಡು ಒಳಗೆ ನಿಲ್ಲುತ್ತದೆ ಎನ್ನುವ ಸ್ಥಿತಿಯಲ್ಲಿ ನಾನು ಪ್ಲಾಸ್ಟರ್ ಹಾಕುವುದಿಲ್ಲ. ಅಷ್ಟು ಅಗಲಿಸಿ ಕಟ್ಟಿದರೆ ಚೆಂಡಿನ ರಕ್ತನಾಳ ಅಮುಕಿ ಮೂಳೆ ಸಾಯುತ್ತದೆ. ಜಾರಿದ ಕೀಲಿಗಿಂತ ಸತ್ತ ಚೆಂಡು ಕೆಟ್ಟದ್ದು.

ನಡೆಯಲು ಶುರುಮಾಡಿದ ಮೇಲೆ ಬಂದ ಮಗುವಿಗೆ ಮುಂದಿನಿಂದ ತೆರೆಯುತ್ತೇನೆ. ಒಳಬದಿಯ ದಾರಿ ಚಿಕ್ಕದು ನಿಜ, ಆದರೆ ಚೆಂಡಿಗೆ ರಕ್ತ ಕೊಡುವ ಮೀಡಿಯಲ್ ಸರ್ಕಂಫ್ಲೆಕ್ಸ್ ಧಮನಿ ಅಲ್ಲೇ ಹಾದುಹೋಗುತ್ತದೆ; ಕೀಲನ್ನು ಸುತ್ತಿದ ಚೀಲವಾದ ಕ್ಯಾಪ್ಸೂಲ್ ಬಿಗಿ ಮಾಡಲೂ ಅಲ್ಲಿ ಆಗುವುದಿಲ್ಲ.

ಸೊಂಟದ ಮೂಳೆಯ ಏಣಿನಿಂದ ಸ್ವಲ್ಪ ಕೆಳಗೆ ಚರ್ಮದ ಗೆರೆಯಲ್ಲೇ ಗಾಯ. ಸಾರ್ಟೋರಿಯಸ್ ಮತ್ತು ಟೆನ್ಸರ್ ಸ್ನಾಯುಗಳ ನಡುವೆ ಹೋಗುವಾಗ ತೊಡೆಯ ಹೊರಬದಿಯ ಚರ್ಮದ ನರವನ್ನು ಮೊದಲು ಹುಡುಕಿ ಒಳಕ್ಕೆ ಸರಿಸಬೇಕು. ಏಣಿನ ಮೃದ್ವಸ್ಥಿಯನ್ನು ನಡುವೆ ಸೀಳಿ, ಎರಡೂ ಬದಿಯ ಪೊರೆಯನ್ನು ಮೂಳೆಗೆ ಅಂಟಿಕೊಂಡೇ ಹಿಂಬದಿಯ ಸೈಯಾಟಿಕ್ ನಾಚ್ ಎಂಬ ಕಚ್ಚಿನವರೆಗೆ ಬಿಡಿಸಿ ಗಾಜ್ ತುರುಕಿಟ್ಟರೆ ರಕ್ತ ನಿಲ್ಲುತ್ತದೆ. ತೊಡೆಯ ಮುಂಭಾಗದ ರೆಕ್ಟಸ್ ಸ್ನಾಯುರಜ್ಜುವಿಗೆ ದಾರ ಕಟ್ಟಿ ಕತ್ತರಿಸುತ್ತೇನೆ. ತೊಡೆ ಮಡಿಸುವ ಸೋಆಸ್ ಸ್ನಾಯುವನ್ನು ಪೆಲ್ವಿಸ್ ಅಂಚಿನ ಮೇಲೆ ಹಿಡಿಯಬೇಕು: ತೊಡೆ ಮಡಿಸಿ, ಸ್ನಾಯುವನ್ನು ಹೊರಳಿಸಿ, ಹಿಂದೆ ಕಾಣುವ ಬಿಳಿ ಸ್ನಾಯುರಜ್ಜುವನ್ನಷ್ಟೇ ಕತ್ತರಿಸಿ, ಮಾಂಸ ಉಳಿಸುವುದು. ಫೆಮೊರಲ್ ನರ ಅದರ ಮುಂದೆಯೇ ಇದೆ. ಅನುಮಾನವಿದ್ದರೆ ನರ್ವ್ ಸ್ಟಿಮ್ಯುಲೇಟರ್ ಮುಟ್ಟಿಸಿ ನೋಡಿ, ಆದರೆ ಸ್ನಾಯು ಸಡಿಲಿಸುವ ಔಷಧಿಯ ಪ್ರಭಾವ ಇಳಿದಿರಬೇಕು.

ಇನ್ನು ಮುಂದಿನ ಭಾಗವೇ ಇಡೀ ಆಪರೇಷನ್. ಕ್ಯಾಪ್ಸೂಲನ್ನು ಮೇಲೆ ಮಾತ್ರವಲ್ಲ, ಒಳಕ್ಕೆ ಮತ್ತು ಕೆಳಕ್ಕೆ ಪೂರ್ತಿ ಬಿಡಿಸಿಕೊಳ್ಳದೆ ತೆರೆಯಬೇಡಿ. ಬಟ್ಟಲಿನ ಅಂಚಿನಿಂದ ಸುಮಾರು ಅರ್ಧ ಸೆಂಟಿಮೀಟರ್ ಬಿಟ್ಟು ಸಮಾನಾಂತರವಾಗಿ ಒಂದು ಸೀಳು, ತೊಡೆಮೂಳೆಯ ಕತ್ತಿನ ಉದ್ದಕ್ಕೆ ಇನ್ನೊಂದು. ಒಳಗೆ ಉದ್ದವಾಗಿ ಎಳೆದುಕೊಂಡ ಲಿಗಮೆಂಟಮ್ ಟೆರೀಸ್, ಅಂದರೆ ಚೆಂಡನ್ನು ಬಟ್ಟಲಿಗೆ ಕಟ್ಟುವ ನಾರು, ಸಿಗುತ್ತದೆ. ಚೆಂಡಿನ ಕಡೆ ಕತ್ತರಿಸಿ, ತುದಿ ಹಿಡಿದು ಹಿಂಬಾಲಿಸಿದರೆ ನಿಜವಾದ ಬಟ್ಟಲಿನ ಬುಡಕ್ಕೇ ಕರೆದೊಯ್ಯುತ್ತದೆ. ಬುಡದಲ್ಲಿ ಬೆರಳಿಟ್ಟರೆ ಬಾಯಿಗೆ ಅಡ್ಡಲಾಗಿ ಹಗ್ಗದಂತೆ ಬಿಗಿದ ಟ್ರಾನ್ಸ್‌ವರ್ಸ್ ಲಿಗಮೆಂಟ್ ತಾಗುತ್ತದೆ. ಅದನ್ನು ಪೂರ್ತಿ ಕತ್ತರಿಸಿದಾಗ ಬಟ್ಟಲಿನ ಬಾಯಿ ಬೆರಳಿಗೇ ತೆರೆದುಕೊಳ್ಳುವುದು ಗೊತ್ತಾಗುತ್ತದೆ. ಒಳಗಿನ ಕೊಬ್ಬನ್ನು ತೆಗೆಯಿರಿ, ಮೃದ್ವಸ್ಥಿ ಕೆರೆಯಬೇಡಿ. ಒಳಕ್ಕೆ ಮಡಿಚಿದ ಲೇಬ್ರಮ್ (ಬಟ್ಟಲಿನ ಮೃದು ಅಂಚು) ಅಡ್ಡಿಯೆಂದು ಕತ್ತರಿಸಿ ಎಸೆಯುವವರಿದ್ದಾರೆ. ಬಟ್ಟಲು ಬೆಳೆಯುವುದೇ ಆ ಅಂಚಿನಿಂದ, ಕೊಕ್ಕೆಯಲ್ಲಿ ಹೊರಕ್ಕೆ ತಿರುಗಿಸಿದರೆ ಸಾಕು. ಮತ್ತೆ ಜಾರಿದ ಕೀಲನ್ನು ಎರಡನೇ ಸಲ ತೆರೆದಾಗ ಹೆಚ್ಚಾಗಿ ಕಾಣುವುದು ಕೆಳಗೆ ಕತ್ತರಿಸದೇ ಉಳಿದ ಟ್ರಾನ್ಸ್‌ವರ್ಸ್ ಲಿಗಮೆಂಟ್ ಮತ್ತು ಬಿಡಿಸದ ಕ್ಯಾಪ್ಸೂಲ್.

ಈಗ ಚೆಂಡು ಒತ್ತಡವಿಲ್ಲದೆ ಒಳಗೆ ಹೋಗಬೇಕು. ಸಹಾಯಕರು ಕಾಲು ಎಳೆದು ಹಿಡಿಯಬೇಕಾಗಿ ಬಂದರೆ ಮೂಳೆ ಮೊಟಕು ಮಾಡಲೇಬೇಕು. ಮೂರು ವರ್ಷ ದಾಟಿದವರಿಗೆ ಮೊದಲೇ ಹೀಗೆ ಯೋಜಿಸಿರುತ್ತೇನೆ. ಎರಡು–ಮೂರರ ನಡುವೆ ಟೇಬಲ್ ಮೇಲೆ ತೀರ್ಮಾನ. ತೊಡೆಯ ಹೊರಬದಿಯಲ್ಲಿ ಬೇರೆ ಗಾಯ ಮಾಡಿ, ತಿರುವು ಗುರುತಿಸಲು ಮೇಲೊಂದು ಕೆಳಗೊಂದು ಕೆ-ವೈರ್ (ತೆಳು ಲೋಹದ ಕಡ್ಡಿ) ಸಮಾನಾಂತರವಾಗಿ ಹಾಕಿ, ತೊಡೆಮೂಳೆಯ ಒಳಬದಿಯ ಉಬ್ಬಾದ ಲೆಸರ್ ಟ್ರೊಕ್ಯಾಂಟರ್‌ನ ಕೆಳಗೆ ಮೂಳೆ ಕತ್ತರಿಸುವುದು. ಚೆಂಡು ಕೂರಿಸಿದಾಗ ಎರಡು ತುದಿಗಳು ಎಷ್ಟು ಒಂದರ ಮೇಲೊಂದು ಬರುತ್ತವೋ ಅಷ್ಟನ್ನು, ಸಾಮಾನ್ಯವಾಗಿ 1ರಿಂದ 2 ಸೆಂಟಿಮೀಟರ್, ತೆಗೆದು ಪ್ಲೇಟ್ ಹಾಕುತ್ತೇನೆ. ಇಲ್ಲೇ ತಿರುವನ್ನೂ ಸರಿಪಡಿಸುವ ಆಸೆಯಾಗುತ್ತದೆ. ಸೊಂಟದ ಮೂಳೆ ಕತ್ತರಿಸಿ ಬಟ್ಟಲನ್ನು ತಿರುಗಿಸುವ ಸಾಲ್ಟರ್ ಆಸ್ಟಿಯಾಟಮಿಯೂ ಇದ್ದರೆ ಆ ಕೈ ಹಿಡಿತದಲ್ಲಿರಲಿ, ಎರಡೂ ಸೇರಿದರೆ ಚೆಂಡು ಹಿಂದಕ್ಕೆ ಜಾರುತ್ತದೆ.

1961ರಲ್ಲಿ ರಾಬರ್ಟ್ ಸಾಲ್ಟರ್ ಪ್ರಕಟಿಸಿದ ಈ ಆಸ್ಟಿಯಾಟಮಿ ಒಂದೂವರೆ ವರ್ಷ ದಾಟಿದ, ಬಟ್ಟಲು ಆಳವಿಲ್ಲದ ಮಗುವಿಗೆ. ನಾಚ್‌ನಲ್ಲಿ ಪೊರೆಯ ಒಳಗಿನಿಂದಲೇ ತಂತಿಯಂಥ ಜಿಗ್ಲಿ ಗರಗಸ ಹಾಯಿಸಿ, ಮುಂದಿನ ಕೆಳ ಮುಳ್ಳಿನ ಮೇಲೆ ಹೊರಬರುವಂತೆ ಕತ್ತರಿಸುವುದು. ಕೆಳತುಂಡನ್ನು ಕ್ಲಿಪ್‌ನಲ್ಲಿ ಹಿಡಿದು ಮುಂದಕ್ಕೆ, ಹೊರಕ್ಕೆ, ಕೆಳಕ್ಕೆ ತಿರುಗಿಸಿ, ಏಣಿನಿಂದ ತೆಗೆದ ತ್ರಿಕೋನ ತುಂಡು ಕೂರಿಸುತ್ತೇನೆ. ಕತ್ತರಿಸಿದ ಜಾಗದ ಹಿಂದಿನ ಬಾಯಿ ಮುಚ್ಚೇ ಇರಬೇಕು. ಅದು ತೆರೆದರೆ ಕಾಲು ಉದ್ದವಾಗುತ್ತದೆ ಅಷ್ಟೇ, ಬಟ್ಟಲು ತಿರುಗುವುದಿಲ್ಲ. ಎರಡು ದಪ್ಪ ವೈರ್ ಹಾಕಿದ ಮೇಲೆ ತೊಡೆ ಆಡಿಸಿ ನೋಡಬೇಕು: ಕರಕರ ಎಂದರೆ ವೈರ್ ಕೀಲಿಗೆ ಹೊಕ್ಕಿದೆ.

ಕ್ಯಾಪ್ಸೂಲಿನ ಸಡಿಲ ಚೀಲ ಕತ್ತರಿಸಿ, ಹೊಲಿಗೆಗಳನ್ನು ಎಲ್ಲಾ ಹಾಕಿಟ್ಟುಕೊಂಡು, ಕಾಲು 30 ಡಿಗ್ರಿ ಮಡಿಸಿ 30 ಡಿಗ್ರಿ ಅಗಲಿಸಿ ಸ್ವಲ್ಪ ಒಳಕ್ಕೆ ತಿರುಗಿಸಿದ ಮೇಲೆ ಒಟ್ಟಿಗೆ ಗಂಟು. ಅದೇ ಭಂಗಿಯಲ್ಲಿ ಆರು ವಾರ ಹಿಪ್ ಸ್ಪೈಕಾ, ಅಂದರೆ ಹೊಟ್ಟೆಯಿಂದ ಕಾಲಿನವರೆಗಿನ ಪ್ಲಾಸ್ಟರ್. ಹೊಟ್ಟೆಯ ಮೇಲೆ ಮಡಿಸಿದ ಟವೆಲ್ ಇಟ್ಟು ಪ್ಲಾಸ್ಟರ್ ಸುತ್ತಿ, ಆಮೇಲೆ ಎಳೆದು ತೆಗೆದರೆ ಉಸಿರಿಗೂ ಊಟಕ್ಕೂ ಜಾಗ ಉಳಿಯುತ್ತದೆ. ಪ್ಲಾಸ್ಟರ್ ಮೂಲಕ ತೆಗೆದ ಎಕ್ಸ್‌ರೇ ಹಿಂದಕ್ಕೆ ಜಾರಿದ್ದನ್ನು ಮರೆಮಾಚಬಹುದು. ಅದಕ್ಕೇ ಕೆಲವೇ ಚಿತ್ರಗಳ ಸಿ.ಟಿ. ಅಥವಾ ಎಂ.ಆರ್.ಐ. ಮಾಡಿಸುತ್ತೇನೆ.

ಪ್ಲಾಸ್ಟರ್ ಬಿಚ್ಚಿದಾಗ ಕೀಲು ಬಿರುಸಾಗಿರುತ್ತದೆ, ಮನೆಯವರು ಗಾಬರಿಯಾಗುತ್ತಾರೆ. ಬಲವಂತವಾಗಿ ಮಡಿಸಿ ವ್ಯಾಯಾಮ ಮಾಡಿಸಬೇಡಿ: ಆರು ವಾರ ಕೆಲಸವಿಲ್ಲದೆ ಮೆತ್ತಗಾದ ತೊಡೆಮೂಳೆ ಮಂಡಿಯ ಮೇಲೆ ಮುರಿಯುತ್ತದೆ. ಮಗುವನ್ನು ನೆಲಕ್ಕೆ ಬಿಟ್ಟರೆ ಅದೇ ತೆವಳಿ, ನಿಂತು ಸಡಿಲ ಮಾಡಿಕೊಳ್ಳುತ್ತದೆ. ಮೊದಲ ವರ್ಷದ ಎಕ್ಸ್‌ರೇಗಳಲ್ಲಿ ನಾನು ಹುಡುಕುವುದು ಚೆಂಡಿನ ಮೂಳೆಬೀಜ (ಮೃದ್ವಸ್ಥಿಯೊಳಗೆ ಮೂಡುವ ಮೂಳೆ) ಬೆಳೆಯುತ್ತಿದೆಯೇ, ಕತ್ತು ಅಗಲವಾಗುತ್ತಿದೆಯೇ ಎಂದು. ವರ್ಷವಾದರೂ ಬೀಜ ಬೆಳೆಯದಿದ್ದರೆ ರಕ್ತ ಸಂಚಾರಕ್ಕೆ ಪೆಟ್ಟು ಬಿದ್ದಿದೆ. ಚೆನ್ನಾಗಿ ಕೂತ ಕೀಲಿಗೂ ಬೆಳವಣಿಗೆ ಮುಗಿಯುವವರೆಗೆ ಎಕ್ಸ್‌ರೇ ತಪ್ಪುವುದಿಲ್ಲ.